ಹತ್ತು ಬೆರಳು

"ನೆಟ್ಟಗೆ ಒತ್ತೇ, ದರಿದ್ರ ಮುಂಡೇದೆ! ಮಿಷಿನ್ನೇನು ನಿಮ್ಮಪ್ಪ ತಂದಿಟ್ಟಿದ್ದಾ, ಹಂಗೆ ಕುಟ್ತೀಯ?"

ಹಾಜರಿ ಗುಮಾಸ್ತ ಎಂದಿನಂತೆ ಶುರು ಮಾಡಿದ. ಬೆರಳಚ್ಚಿನ ಮಿಷಿನ್ನಿಗೆ ಬಲಗೈ ಹೆಬ್ಬೆರಳು ಇಟ್ಟೆ, ಕೆಂಪು ದೀಪ. ಎಡಗೈದು ಇಟ್ಟೆ, ಕೆಂಪು ದೀಪ. ಹತ್ತೂ ಬೆರಳು ಒತ್ತಿದ್ದಾಯಿತು. ಹನ್ನೆರಡು ವರ್ಷ ಆಸಿಡ್ಡಿನಲ್ಲಿ ಕಾಲೇಜಿನ ಕಕ್ಕಸು ಉಜ್ಜಿ ನನ್ನ ಬೆರಳುಗಳಲ್ಲಿ ಗೆರೆಯೇ ಉಳಿದಿಲ್ಲ.

"ಬೆರಳಿಲ್ಲ ಅಂದ್ರೆ ನೀನೂ ಇಲ್ಲ. ಗೈರು."

"ಮೂರು ಮಹಡಿ ಒರೆಸಿ ಬಂದಿದೀನಲ್ಲಣ್ಣ. ನೆಲ ಇನ್ನೂ ಒದ್ದೆ ಇದೆ ನೋಡಿ."

"ನೆಲ ಬಂದು ಸಾಕ್ಷಿ ಹೇಳುತ್ತಾ?"

ಈ ಮಿಷಿನ್ನು ಇರುವುದು ಇಂಗ್ಲಿಷ್ ವಿಭಾಗದ ಮುಖ್ಯಸ್ಥರ ಬಾಗಿಲ ಪಕ್ಕದಲ್ಲೇ. ಅವರು ದಿನವೂ ಈ ಜಗಳದ ನಡುವೆಯೇ ಹಾದು ಒಳಗೆ ಹೋಗುತ್ತಾರೆ. ಒಮ್ಮೆಯೂ ತಲೆ ತಿರುಗಿಸಿದ್ದಿಲ್ಲ. ಬೋಳಿಮಗನೆ ಎಂದು ಗುಮಾಸ್ತನನ್ನು ಬಾಯೊಳಗೇ ಬೈದು ಬಕೆಟ್ ಎತ್ತಿಕೊಂಡೆ.

ಅಷ್ಟರಲ್ಲಿ ನನ್ನ ತಂಗಿ ಬಂದಳು. ಇಸ್ತ್ರಿ ಬಟ್ಟೆ, ಎದೆಗವಚಿದ ಪ್ರಬಂಧ. ಇಂಗ್ಲಿಷ್ ಎಂ.ಎ. ಕೊನೆಯ ವರ್ಷ, ಅಂದು ಮೌಖಿಕ ಪರೀಕ್ಷೆ. ಒದ್ದೆ ನೆಲ ತಪ್ಪಿಸಿ, ನನ್ನನ್ನೂ ತಪ್ಪಿಸಿ ಹೋದಳು. ಸೇರಿದ ದಿನವೇ ಮನೆಯಲ್ಲಿ ಹೇಳಿದ್ದಳು, "ಅಕ್ಕಾ, ಅಲ್ಲಿ ನಿನ್ನ ಮಾತಾಡಿಸಲ್ಲ. ಬೇಜಾರು ಮಾಡ್ಕೋಬೇಡ." ಆಗಲಿ ಅಂದಿದ್ದೆ. ಹಾಗಂದ ನನ್ನ ಹೊಟ್ಟೆ ಅವತ್ತಿನಿಂದ ಇವತ್ತಿನವರೆಗೂ ಉರಿಯುತ್ತಲೇ ಇದೆ.

ಅವಳಿಗೆ ಎ ಬಿ ಸಿ ತಿದ್ದಿಸಿದವಳು ನಾನು. ಏಳನೇ ತರಗತಿಯಲ್ಲಿ ಇಂಗ್ಲಿಷಿಗೆ ನಾನೇ ಮೊದಲು. ಅಮ್ಮನ ಮಂಡಿ ಹೋದಾಗ ಅವಳ ಪೊರಕೆ ನನ್ನ ಕೈಗೆ ಬಂತು, ನನ್ನ ಚೀಲ ತಂಗಿಯ ಹೆಗಲಿಗೆ ಹೋಯಿತು. ಕಿಟಕಿ ಪಕ್ಕದ ಮೇಜು ಅವಳಿಗೆ, ಹಾಲಿನ ಕೆನೆ ಅವಳಿಗೆ. ಅಮ್ಮನದು ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ. ಆದರೂ ಈಚೆಗೆ ತಂಗಿ ಸಂಜೆ ಪಕ್ಕ ಕೂತು ನನ್ನ ಬೆರಳು ಸವರಿ, "ಮಿಷಿನ್ನು ಬೇಡ ಅಂದಾಗ ಏನನ್ಸುತ್ತಕ್ಕ?" ಎಂದು ಕೇಳುತ್ತಿದ್ದಳು. ಅಕ್ಕರೆ ಅಂದುಕೊಂಡು ಎಲ್ಲ ಹೇಳಿದ್ದೆ.

ಗೈರು ಹಾಕಿದವನೇ ಅರ್ಧ ಗಂಟೆ ಬಿಟ್ಟು ಕೂಗಿದ, "ಪರೀಕ್ಷೆ ರೂಮಿಗೆ ನೀರು ಕೊಡೇ!"

ಜಗ್ಗು ಹಿಡಿದು ಗೋಡೆಗೆ ನಿಂತೆ. ಮೇಜಿನ ಆ ಕಡೆ ಮುಖ್ಯಸ್ಥರು, ಹೊರಗಿನಿಂದ ಪರೀಕ್ಷೆ ಮಾಡಲು ಬಂದ ಮೇಡಂ. ಈ ಕಡೆ ತಂಗಿ. ಮಧ್ಯೆ ಪ್ರಬಂಧ, ರುಜು ಹಾಕುವ ಪುಟ ತೆರೆದಿತ್ತು, ಪಕ್ಕದಲ್ಲಿ ಮೊಹರು, ಮಸಿ ಪ್ಯಾಡು. ತಂಗಿ ಇಂಗ್ಲಿಷಿನಲ್ಲಿ ತಡವರಿಸದೆ ಮಾತಾಡಿದಳು. ಆ ಮಾತು ನನ್ನ ಬಾಯಲ್ಲಿ ಇರಬೇಕಿತ್ತು ಅನ್ನಿಸಿತು.

ಆಮೇಲೆ ಮುಖ್ಯಸ್ಥರು ಕನ್ನಡಕ್ಕೆ ಇಳಿದರು.

"ಕಾದಂಬರಿಗಳಲ್ಲಿ ದುಡಿಯೋ ಹೆಂಗಸರು ಅನ್ನೋ ವಿಷಯ ಸರಿ ಕಣಮ್ಮ. ಆದ್ರೆ ಮೊದಲನೇ ಅಧ್ಯಾಯದಲ್ಲಿ ನಿಜವಾದ ಹೆಂಗಸು ಅಂತ ಬರೆದಿದೀಯಲ್ಲ, ಕಕ್ಕಸು ತೊಳೆದು ಬೆರಳಿನ ಗೆರೆ ಹೋದವಳು? ಇದು ನೀನು ಕಟ್ಟಿದ್ದು."

"ನಿಜ, ಸರ್."

"ಇಪ್ಪತ್ತು ವರ್ಷದಿಂದ ಇಲ್ಲಿದೀನಿ. ಅಂಥವಳು ಒಬ್ಬಳೂ ಕಣ್ಣಿಗೆ ಬಿದ್ದಿಲ್ಲ. ಎಲ್ಲಿದಾಳೆ ತೋರಿಸು. ಇಲ್ಲಾಂದ್ರೆ ರುಜು ಹಾಕಲ್ಲ, ಮುಂದಿನ ವರ್ಷ ಮತ್ತೆ ಬರೆದು ತಾ."

ಆಗ ಗೊತ್ತಾಯಿತು ಆ ಅಕ್ಕರೆ ಯಾತಕ್ಕೆ ಅಂತ. ತಂಗಿಯ ಕಣ್ಣು ಮೆಲ್ಲಗೆ ಹೊರಳಿ ನನ್ನ ಪಾದದವರೆಗೆ ಬಂತು. ಅಲ್ಲಿಂದ ಮೇಲಕ್ಕೆ ಏರಲಿಲ್ಲ.

"ಅವಳು... ಊರು ಬಿಟ್ಟು ಹೋದ್ಲು, ಸರ್."

"ನೋಡಿದ್ರಾ ಮೇಡಂ? ಸುಳ್ಳು!"

ಸುಳ್ಳು ಯಾಕೆ ಹೇಳಲಿ, ನನಗೆ ಖುಷಿಯಾಯಿತು. ಬೀಳಲಿ ಅನ್ನಿಸಿತು. ಒಂದು ವರ್ಷ ಮನೆಯಲ್ಲಿ ಕೂರಲಿ, ಹತ್ತಿದ ಏಣಿ ಒದೆಯುವುದೆಂದರೆ ಏನೆಂದು ತಿಳಿಯಲಿ. ಬಾಯಿ ಮುಚ್ಚಿಕೊಂಡು ನಿಂತಿದ್ದರೆ ಸಾಕಿತ್ತು, ಅವಳ ಪದವಿ ಹೋಗುತ್ತಿತ್ತು. ಆದರೆ ಬೆಳಿಗ್ಗೆ ಗುಮಾಸ್ತ ಇಲ್ಲ ಅಂದ, ಈಗ ಇವಳೂ ಇಲ್ಲ ಅಂದಳು. ನಾನಿಲ್ಲಿ ಎರಡು ಕಾಲ ಮೇಲೆ ನಿಂತಿದ್ದೇನೆ.

ಜಗ್ಗು ಕುಕ್ಕಿದೆ. ಮಸಿ ಪ್ಯಾಡಿನ ಮೇಲೆ ಐದೈದೇ ಬೆರಳು ಅದ್ದಿ, ರುಜುವಿನ ಪುಟದ ಮೇಲೆ ಹತ್ತನ್ನೂ ಒತ್ತಿದೆ. ಮುಖ್ಯಸ್ಥರ ಹೆಸರಿನ ಮೇಲೆಯೇ ನಾಲ್ಕು ಬಿದ್ದವು.

ಮೇಡಂ ಕನ್ನಡಕ ಏರಿಸಿ ಬಗ್ಗಿದರು. ಹತ್ತು ಕರಿ ಮಚ್ಚೆ. ಒಂದರಲ್ಲೂ ಒಂದು ಗೆರೆಯಿಲ್ಲ.

"ಏಯ್! ಯಾರೇ ನೀನು?" ಮುಖ್ಯಸ್ಥರು ಕುರ್ಚಿಯಿಂದ ಎದ್ದರು.

"ನಿಮ್ಮ ಬಾಗಿಲಲ್ಲೇ ದಿನಾ ಬೈಸ್ಕೊಳ್ಳೋಳು. ಮಿಕ್ಕಿದ್ದು ಅವಳನ್ನ ಕೇಳಿ, ಸರ್. ಚೆನ್ನಾಗಿ ಓದಿದಾಳೆ, ಹೇಳ್ತಾಳೆ."

ಇಬ್ಬರೂ ತಂಗಿಯ ಕಡೆ ತಿರುಗಿದರು. ನಾನು ಮೇಜಿನ ಬಿಳಿ ಬಟ್ಟೆಗೆ ಕೈ ಒರೆಸಿ, ಖಾಲಿಯಿದ್ದ ಕುರ್ಚಿ ಎಳೆದುಕೊಂಡು, ಅವಳು ಬಾಯಿ ತೆರೆಯುವುದನ್ನೇ ಕಾಯುತ್ತ ಕೂತೆ.