ಯಾರ ಕಾಲಿಗೆ ಈ ಬೂಟು?

ನಮ್ಮ ಬೀದಿಯಲ್ಲಿ ನೀರಿಗೆ ಬರ ಬಂದೀತು, ಸಲಹೆಗೆ ಮಾತ್ರ ಬರವಿಲ್ಲ. ಒಬ್ಬರು ಸೀನಿದರೆ ಸಾಕು, ಹತ್ತು ಜನ ಹತ್ತು ಔಷಧಿ ಹೇಳುತ್ತಾರೆ. ಇದರಲ್ಲಿ ಯಾವುದು ಸರಿ ಎಂದು ಕೇಳಿ ನೋಡಿ, ಎಲ್ಲರಿಗೂ ಎಲ್ಲಿಲ್ಲದ ಕೆಲಸ ನೆನಪಾಗುತ್ತದೆ.

ನಾನು ಬಟ್ಟೆ ಹೊಲಿಯುವವಳು. ನನ್ನ ಅಂಗಡಿಗೂ ಬೂಟಜ್ಜನ ಅಂಗಡಿಗೂ ನಡುವೆ ಒಂದೇ ಗೋಡೆ. ನನ್ನ ಮಷಿನ್ನಿನ ಸದ್ದು ಅವರಿಗೆ, ಅವರ ಸುತ್ತಿಗೆಯ ಸದ್ದು ನನಗೆ. ಬೂಟು, ಚಪ್ಪಲಿ ಹೊಲಿಯುವ ಅಜ್ಜನಿಗೆ ಬೀದಿಯವರೆಲ್ಲ ಸೇರಿ ಬೂಟಜ್ಜ ಎಂದು ಹೆಸರಿಟ್ಟಿದ್ದಾರೆ. ಸವೆದ ಚಪ್ಪಲಿಯನ್ನು ತಿರುಗಿಸಿ ಅಡಿಯ ಅಟ್ಟೆ ನೋಡುತ್ತಾರೆ. "ನಿಂಗೆ ಎಡಗಡೆ ಸೊಂಟ ನೋವಿದೆ ಅಲ್ವಾ?" ಎಂದು ಕೇಳುತ್ತಾರೆ. ಇದ್ದೇ ಇರುತ್ತದೆ. ಯಾರಾದರೂ ಬರೀ ಅಳತೆ ಹಿಡಿದು ಬಂದರೆ ಬೂಟು ಮಾಡಿಕೊಡುವುದಿಲ್ಲ. "ಯಾರ ಕಾಲಿಗೆ?" ಎಂದು ಮೊದಲು ಕೇಳುತ್ತಾರೆ. ಕಾಲು ನೋಡದೆ ಹೊಲಿದರೆ ಅದು ಬೂಟಲ್ಲ, ಡಬ್ಬ ಎನ್ನುವುದು ಅವರ ಮಾತು.

ಅಂಥ ಅಜ್ಜನಿಗೆ ಮೊಮ್ಮಗಳು ಹುಟ್ಟಿದಳು. ಹಾಲುಗೆನ್ನೆ, ಗುಂಡು ಮುಖ, ಎಲ್ಲ ಚೆಂದ. ಆದರೆ ಎರಡೂ ಪಾದ ಒಳಕ್ಕೆ ತಿರುಗಿದ್ದವು. ಒಂದು ಅಂಗಾಲು ಇನ್ನೊಂದು ಅಂಗಾಲನ್ನು ನೋಡುತ್ತಿತ್ತು. ಹೆರಿಗೆ ಆಸ್ಪತ್ರೆಯ ನರ್ಸ್, "ಬೇಗ ಮೂಳೆ ಡಾಕ್ಟರಿಗೆ ತೋರಿಸಿ," ಎಂದು ಹೇಳಿ ಕಳಿಸಿದ್ದರು. ಅಷ್ಟರಲ್ಲಿ ನಮ್ಮ ಬೀದಿ ಬಾಯಿ ತೆರೆಯಿತು.

"ಮೂಳೆ ಡಾಕ್ಟರಾ? ಮೂಳೆನೇ ಕುಯ್ದು ಹಾಕ್ತಾರೆ ಅಷ್ಟೆ!"

"ಏನೂ ಬೇಡ ಬಿಡಿ. ನಡೆಯೋಕೆ ಶುರು ಮಾಡಿದ್ರೆ ತಾನಾಗೇ ನೆಟ್ಟಗಾಗುತ್ತೆ."

ಇನ್ನೊಬ್ಬರು ಫೋನು ಮುಂದೆ ಹಿಡಿದರು. ಅದರಲ್ಲಿ ಯಾರೋ ಒಬ್ಬ ಕೂಸಿನ ಕಾಲಿಗೆ ಬಿಸಿ ಎಣ್ಣೆ ತಿಕ್ಕಿ, ಕಡ್ಡಿ ಇಟ್ಟು ಬಿಗಿಯುತ್ತಿದ್ದ. ಪುಟ್ಟಿಯ ತಾಯಿ, ಅಂದರೆ ಅಜ್ಜನ ಮಗಳು, ಎಲ್ಲದಕ್ಕೂ ತಲೆಯಾಡಿಸಿ ಒಳಗೆ ಹೋಗಿ ಅಳುತ್ತಿದ್ದಳು. ಅವಳ ಗಂಡ ಲಾರಿ ಓಡಿಸುವವನು. "ನಿಮ್ಮಪ್ಪ ಹೇಳಿದ ಹಾಗೆ ಮಾಡು," ಎಂದು ದಾರಿಯಿಂದಲೇ ಫೋನಿನಲ್ಲಿ ಹೇಳಿಬಿಡುತ್ತಿದ್ದ.

ಅವಳಪ್ಪ ಹೇಳಿದ್ದೇನು? ನನ್ನ ಎದುರೇ ಹೇಳಿದರು. "ಡಾಕ್ಟರೂ ಬೇಡ, ಎಣ್ಣೆಯೂ ಬೇಡ. ಜೀವಮಾನ ಪೂರ್ತಿ ಕಾಲು ನೋಡಿದೋನು ನಾನು. ಗಟ್ಟಿ ಅಟ್ಟೆ ಹಾಕಿ, ಒಳಗೆ ಕಬ್ಬಿಣದ ಪಟ್ಟಿ ಕೂರಿಸಿ ಬೂಟು ಮಾಡ್ತೀನಿ. ಆಮೇಲೆ ಆ ಕಾಲು ಹೇಗೆ ತಿರುಗುತ್ತೆ, ನಾನೂ ನೋಡ್ತೀನಿ!"

ಮೇಜಿನ ಮೇಲೆ ಚರ್ಮ ಆಗಲೇ ಕತ್ತರಿಸಿಟ್ಟಿದ್ದರು. ಹೆಬ್ಬೆರಳಿನಷ್ಟು ಉದ್ದದ ಪುಟಾಣಿ ತುಂಡುಗಳು. ಪಕ್ಕದಲ್ಲಿ ಕಬ್ಬಿಣದ ಪಟ್ಟಿ. ಎಳೆ ಕೂಸಿನ ಕಾಲು, ಬೆಣ್ಣೆಯಂಥದ್ದು. ಅದಕ್ಕೆ ಕಬ್ಬಿಣವೇ?

"ಅಜ್ಜ, ಹಾಕೋಕೆ ಮುಂಚೆ ಒಂದ್ಸಲ ಲೈಬ್ರರಿಗೆ ಹೋಗಿ ಕೇಳೋಣ," ಎಂದೆ.

"ಲೈಬ್ರರೀನಾ? ಕೆಲಸ ಇಲ್ಲದೋರು ಫ್ಯಾನ್ ಕೆಳಗೆ ಕೂತು ಪೇಪರ್ ತಿರುವೋ ಜಾಗ ಅದು. ಓದಿ ಓದಿ ಮರುಳಾದ ಕೂಚುಭಟ್ಟ ಅಂತ ಗಾದೆ ಕೇಳಿಲ್ವಾ?"

"ನಾನು ಹೊಸ ಕಟಿಂಗ್ ಕಲಿತಿದ್ದು ಅಲ್ಲಿನ ಪುಸ್ತಕ ನೋಡಿನೇ. ನಾನೇನು ಮರುಳಾಗಿದ್ದೀನಾ?"

"ಅದನ್ನ ನಿನ್ನ ಗಂಡನ್ನ ಕೇಳ್ಬೇಕು!"

ನಗು ಬಂತು, ಸಿಟ್ಟೂ ಬಂತು. ಆದರೆ ನಾನು ಬಿಡುವವಳಲ್ಲ. ಮತ್ತೆ ಮತ್ತೆ ಕೆದಕಿದಾಗ ಅಜ್ಜ ದನಿ ತಗ್ಗಿಸಿ ನಿಜ ಹೇಳಿದರು. "ನಂಗೆ ಅಕ್ಷರ ಅಷ್ಟಕ್ಕಷ್ಟೇ ತಾಯಿ. ಅಷ್ಟು ಓದಿದೋರ ಮಧ್ಯೆ ಹೋಗಿ ಬೆಪ್ಪನ ಹಾಗೆ ನಿಂತ್ಕೋಬೇಕಾ?"

ಬಾಗಿಲಲ್ಲಿ ಪುಟ್ಟಿಯನ್ನು ಎತ್ತಿಕೊಂಡು ನಿಂತಿದ್ದ ಮಗಳು ಅಂದು ಮೊದಲ ಬಾರಿಗೆ ಬಾಯಿ ಬಿಟ್ಟಳು. "ಅಪ್ಪಾ, ನಂಗೋಸ್ಕರ ಹೋಗಿ ಬನ್ನಿ. ಬೂಟು ಎಲ್ಲಿಗೂ ಓಡಿ ಹೋಗಲ್ಲ."

ಆ ಮಾತಿಗೆ ಅಜ್ಜ ಎದ್ದು ಅಂಗಿ ಬದಲಿಸಿದರು.

ಲೈಬ್ರರಿಯೆಂದರೆ ಅರಮನೆಯೇನಲ್ಲ. ಎರಡು ಕೋಣೆ, ಉದ್ದನೆಯ ಟೇಬಲ್ಲುಗಳು, ಗೋಡೆಯ ಮೇಲೆ ಪ್ರಪಂಚದ ದೊಡ್ಡ ನಕಾಶೆ. ಅಜ್ಜ ಒಳಗೆ ಹೋದವರೇ ಯಾರ ಮುಖವನ್ನೂ ನೋಡಲಿಲ್ಲ. ಟೇಬಲ್ ಕೆಳಗಿನ ಕಾಲುಗಳನ್ನು ನೋಡಿದರು. "ಆ ಮೂಲೆಯೋನು ನನ್ನ ಗಿರಾಕಿ. ಹಿಮ್ಮಡಿ ಸವೆದೋರೇ ಜಾಸ್ತಿ ಇದ್ದಾರೆ, ನಮ್ಮಂಥೋರೇ ಕಣೇ!" ಎಂದು ನನ್ನ ಕಿವಿಯಲ್ಲಿ ಹೇಳಿದರು. ಸ್ವಲ್ಪ ಧೈರ್ಯ ಬಂದಂತಿತ್ತು.

ಲೈಬ್ರರಿ ಮೇಡಂ ಕನ್ನಡಕ ಹಣೆಗೇರಿಸಿ, "ಬನ್ನಿ ಅಜ್ಜ, ಏನು ಬೇಕಿತ್ತು?" ಎಂದರು.

"ಬೂಟಿನ ಪುಸ್ತಕ ಇದೆಯಾ?"

"ಇದೆಯಲ್ಲ. ಎಂಥ ಬೂಟು?"

"ಚಿಕ್ಕದು. ಗಟ್ಟಿದು. ಕಬ್ಬಿಣ ಹಾಕಿದ್ದು."

ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಮಾತಾಡುತ್ತಿದ್ದಾರಲ್ಲ ಎಂದು ನಾನು ಚಡಪಡಿಸಿದೆ. ಬೇರೆಯವರಾಗಿದ್ದರೆ ಕಪಾಟಿನಿಂದ ಒಂದು ಬೂಟಿನ ಪುಸ್ತಕ ತೆಗೆದು ಕೈಗಿತ್ತು ಕಳಿಸುತ್ತಿದ್ದರು. ಮೇಡಂ ಎದ್ದೇಳಲಿಲ್ಲ. ಒಂದು ಸ್ಟೂಲು ಎಳೆದು ಅಜ್ಜನನ್ನು ಕೂರಿಸಿದರು. ಆಮೇಲೆ ಮೆಲ್ಲಗೆ ಕೇಳಿದರು:

"ಯಾರ ಕಾಲಿಗೆ ಅಜ್ಜ?"

ಅಜ್ಜ ಈಗ ತಲೆಯೆತ್ತಿ ಮೇಡಂ ಮುಖ ನೋಡಿದರು. ತಾವು ಜೀವಮಾನವೆಲ್ಲ ಊರವರನ್ನು ಕೇಳಿದ ಪ್ರಶ್ನೆಯನ್ನು ಅವರ ಹತ್ತಿರ ಯಾರೂ ಕೇಳಿರಲಿಲ್ಲ. ಅದಕ್ಕೆ ಸುಳ್ಳು ಹೇಳಲು ಅವರಿಂದಾಗಲಿಲ್ಲ. "ನನ್ನ ಮೊಮ್ಮಗಳ ಕಾಲಿಗೆ," ಎಂದರು. ಆಮೇಲೆ ಕಟ್ಟೆ ಒಡೆದ ಹಾಗೆ ಎಲ್ಲ ಹೇಳಿದರು. ತಿರುಗಿದ ಪಾದ, ನರ್ಸಿನ ಮಾತು, ಬೀದಿಯ ಸಲಹೆ, ಫೋನಿನ ಎಣ್ಣೆ, ತಮ್ಮ ಕಬ್ಬಿಣ. ಕಣ್ಣು ತುಂಬಿತ್ತು.

"ಹೇಳಿದ್ದು ಒಳ್ಳೇದಾಯ್ತು," ಎಂದರು ಮೇಡಂ. "ಜನ ಬಂದು ಕೇಳೋದು ಒಂದು, ಅವರಿಗೆ ಬೇಕಾಗಿರೋದು ಇನ್ನೊಂದು. ನಾಚಿಕೆ, ಭಯ, ಏನೋ ಒಂದು ಇರುತ್ತೆ. ಅದಕ್ಕೇ ಇನ್ನೊಂದು ಪ್ರಶ್ನೆ ಕೇಳಬೇಕು ಅಂತ ನಮ್ಮ ಕೆಲಸದಲ್ಲಿ ಕಲಿಸ್ತಾರೆ. ಈಗ ನಂಗೆ ಏನು ಹುಡುಕಬೇಕು ಅಂತ ಗೊತ್ತಾಯ್ತು."

ಅವರು ಕಂಪ್ಯೂಟರಿನಲ್ಲಿ ಏನೋ ನೋಡಿದರು. ಆಮೇಲೆ ದೊಡ್ಡ ಊರಿನ ವೈದ್ಯಕೀಯ ಕಾಲೇಜಿನ ಲೈಬ್ರರಿಗೆ ಫೋನು ಮಾಡಿದರು. "ಸ್ವಲ್ಪ ಹೊತ್ತಲ್ಲಿ ಕಳಿಸ್ತಾರೆ. ನಮ್ಮ ಹತ್ರ ಇಲ್ಲದ್ದನ್ನ ನೆಂಟರ ಮನೆಯಿಂದ ತರಿಸ್ತೀವಿ. ಲೈಬ್ರರಿಗೆ ಲೈಬ್ರರಿನೇ ನೆಂಟ."

ಅಜ್ಜನ ಕೈ ಸುಮ್ಮನಿರಬೇಕಲ್ಲ. ಮೇಜಿನ ಮೇಲಿದ್ದ ಒಂದು ಹಳೆಯ ದಪ್ಪ ಪುಸ್ತಕ ಸವರಿದರು. "ಕರುವಿನ ಚರ್ಮ. ಚೆನ್ನಾಗಿ ಹದ ಮಾಡಿದ್ದಾರೆ. ಇಂಥದ್ದನ್ನ ಬಿಟ್ಟಿ ಓದೋಕೆ ಕೊಡ್ತೀರಾ? ಇದರಲ್ಲಿ ನಿಮಗೇನು ಲಾಭ?"

ಮೇಡಂ ನಕ್ಕರು. "ಮೊದಲು ಕೊಡ್ತಿರಲಿಲ್ಲ ಅಜ್ಜ. ಯುರೋಪಿನ ಕಡೆ ಹಿಂದೆ ಪುಸ್ತಕಕ್ಕೆ ಸರಪಳಿ ಹಾಕಿ ಕಪಾಟಿಗೆ ಕಟ್ತಿದ್ರು."

"ಪುಸ್ತಕಕ್ಕೆ ಸರಪಳೀನಾ? ಅದೇನು ಕಚ್ಚುತ್ತಾ?"

"ಕೈಯಲ್ಲಿ ಬರೆದದ್ದು, ತುಂಬಾ ದುಬಾರಿ. ಕದ್ದುಬಿಟ್ಟರೆ? ಅಚ್ಚಿನ ಯಂತ್ರ ಬಂತು, ಪುಸ್ತಕ ಅಗ್ಗ ಆಯ್ತು, ಸರಪಳಿ ಹೋಯ್ತು. ಆದರೂ ಎಷ್ಟೋ ಕಡೆ ಬೀಗ ಇತ್ತು. ಚೀಟಿ ಬರೆದು ಕೊಟ್ಟು ಕಿಟಕಿ ಮುಂದೆ ಕಾಯಬೇಕಿತ್ತು. ನಿಧಾನಕ್ಕೆ ಆ ಬೀಗಾನೂ ಹೋಯ್ತು. ಎಲ್ಲರ ತೆರಿಗೆ ದುಡ್ಡಲ್ಲಿ ನಡೆಯೋದು, ಎಲ್ಲರೂ ಬರಲಿ ಅಂದ್ರು. ಬರಲಾರದೋರ ಹತ್ರ ಪುಸ್ತಕನೇ ಹೊರಟಿತು."

"ಪುಸ್ತಕಕ್ಕೆ ಕಾಲು ಬಂತಾ?" ಎಂದರು ಅಜ್ಜ. ಅವರಿಗೆ ಕುತೂಹಲ ಹುಟ್ಟಿದ್ದು ಈಗ ಚೆನ್ನಾಗಿ ಕಾಣುತ್ತಿತ್ತು.

"ನಾಲ್ಕು ಕಾಲು! ಇಲ್ಲಿ ನೋಡಿ, ಕೆನ್ಯಾ ದೇಶ." ಮೇಡಂ ನಕಾಶೆಯ ಮೇಲೆ ಬೆರಳಿಟ್ಟರು. "ಮರಳುಗಾಡಿನ ಕಡೆ ಒಂಟೆ ಮೇಲೆ ಪುಸ್ತಕದ ಪೆಟ್ಟಿಗೆ ಹೇರಿಕೊಂಡು ಹೋದರು. ಮೇಲೆ ಇಲ್ಲಿ ನಾರ್ವೆ. ಅಲ್ಲಿ ಸಮುದ್ರದ ಅಂಚಿನ ಊರುಗಳಿಗೆ ಎಷ್ಟೋ ವರ್ಷ ದೋಣಿ ಲೈಬ್ರರಿ ಹೋಗ್ತಿತ್ತು. ಪಕ್ಕದಲ್ಲೇ ಫಿನ್‌ಲ್ಯಾಂಡ್. ಅಲ್ಲಿ ಕೆಲವು ಲೈಬ್ರರಿಗಳಲ್ಲಿ ಹೊಲಿಗೆ ಮಷಿನ್ ಇಟ್ಟಿದ್ದಾರೆ, ಹೋಗಿ ಹೊಲ್ಕೊಂಡು ಬರಬಹುದು."

"ಅಯ್ಯೋ, ಹಾಗಾದ್ರೆ ನನ್ನ ಅಂಗಡಿ ಗತಿ?" ಎಂದು ನಾನು ಕೂಗಿಯೇಬಿಟ್ಟೆ. ಟೇಬಲ್ಲಿನವರೆಲ್ಲ ತಲೆಯೆತ್ತಿದರು. ನಾಲಿಗೆ ಕಚ್ಚಿಕೊಂಡೆ.

"ಡೆನ್ಮಾರ್ಕಿನಲ್ಲಿ ಇನ್ನೂ ವಿಚಿತ್ರ ಒಂದು ಶುರುವಾಯ್ತು. ಪುಸ್ತಕದ ಬದಲು ಮನುಷ್ಯರನ್ನೇ ಎರವಲು ಕೊಡೋದು! ಎದುರಿಗೆ ಕೂತು ಅವರ ಬದುಕಿನ ಬಗ್ಗೆ ಕೇಳಬಹುದು. ಅಮೆರಿಕದಲ್ಲಿ ಒಂದು ದೊಡ್ಡ ಊರಿನ ಲೈಬ್ರರಿಗೆ ಜನ ಫೋನು ಮಾಡಿ ಪ್ರಶ್ನೆ ಕೇಳ್ತಾರೆ, ಅವರು ಹುಡುಕಿ ಹೇಳ್ತಾರೆ."

ಅಜ್ಜ ನಕಾಶೆಯನ್ನು ತುಂಬಾ ಹೊತ್ತು ನೋಡಿದರು. "ಅವರಿಗೆ ಒಂಟೆ ಇದೆ, ದೋಣಿ ಇದೆ. ನಮಗೇನಿದೆ ತಾಯಿ?"

"ನಾನಿದ್ದೀನಲ್ಲ," ಎಂದರು ಮೇಡಂ. ಅಷ್ಟರಲ್ಲಿ ಪ್ರಿಂಟರು ಗುರ್ ಎಂದಿತು.

ಬಂದ ಹಾಳೆಗಳನ್ನು ಅವರು ಕೂಡಲೇ ಓದಲಿಲ್ಲ. ಮೊದಲು ಮೂರು ವಿಷಯ ತೋರಿಸಿದರು. ಬರೆದವರು ಯಾರು, ಯಾವಾಗ ಬರೆದದ್ದು, ಬೇರೆ ಕಡೆಯ ಡಾಕ್ಟರುಗಳೂ ಇದನ್ನೇ ಹೇಳುತ್ತಾರೋ ಇಲ್ಲವೋ. "ಆ ಎಣ್ಣೆ ವಿಡಿಯೋದಲ್ಲಿ ಇದು ಒಂದಾದರೂ ಇತ್ತಾ?" ಎಂದು ಕೇಳಿದರು. ಇರಲಿಲ್ಲ. ಎಣ್ಣೆಯ ಬೆಲೆ ಮಾತ್ರ ಇತ್ತು.

ಆಮೇಲೆ ನಿಧಾನವಾಗಿ ಓದಿ ಹೇಳಿದರು. ಹೀಗೆ ಪಾದ ತಿರುಗಿ ಹುಟ್ಟುವ ಮಕ್ಕಳು ಎಲ್ಲ ದೇಶದಲ್ಲೂ ಇದ್ದಾರೆ. ಯಾರ ತಪ್ಪೂ ಅಲ್ಲ. ತಾನಾಗಿ ಸರಿಹೋಗುವುದಿಲ್ಲ. ಕಲಿತ ಡಾಕ್ಟರು ಕೈಯಿಂದ ಪಾದವನ್ನು ಮೆತ್ತಗೆ ಸ್ವಲ್ಪ ತಿರುಗಿಸಿ ಪ್ಲಾಸ್ಟರ್ ಹಾಕುತ್ತಾರೆ. ವಾರ ವಾರ ಬಿಚ್ಚಿ, ಇನ್ನಷ್ಟು ತಿರುಗಿಸಿ ಮತ್ತೆ ಹಾಕುತ್ತಾರೆ. ಹಿಮ್ಮಡಿಯ ಹತ್ತಿರ ಒಂದು ಸಣ್ಣ ಕೊಯ್ತ ಬೇಕಾಗಬಹುದು. ಹೆಚ್ಚಿನ ಮಕ್ಕಳಿಗೆ ದೊಡ್ಡ ಆಪರೇಷನ್ ಬೇಕಾಗುವುದಿಲ್ಲ. ಹುಟ್ಟಿದ ಮೊದಲ ಕೆಲವು ವಾರಗಳಲ್ಲೇ ಶುರು ಮಾಡಿದರೆ ಒಳ್ಳೆಯದು.

"ಎಳೆ ಕೂಸಿನ ಕಾಲಿಗೆ ಗಾರೆ ಮೆತ್ತುತ್ತಾರಾ?" ಎಂದರು ಅಜ್ಜ. ಆದರೆ ದನಿಯಲ್ಲಿ ಮೊದಲಿನ ಹಟ ಇರಲಿಲ್ಲ.

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಜ್ಜ? ಎಳೆ ಮೂಳೆ, ಹೇಳಿದ ಹಾಗೆ ಕೇಳುತ್ತೆ. ಆದರೆ ಬಲವಂತ ಮಾಡಿದ್ರೆ ಗಾಯ ಆಗುತ್ತೆ. ಇನ್ನೂ ಒಂದು ಇದೆ, ಕೇಳಿ. ಪ್ಲಾಸ್ಟರ್ ಮುಗಿದ ಮೇಲೆ ಒಂದು ಅಡ್ಡ ಸರಳಿನ ಎರಡು ತುದಿಗೆ ಜೋಡಿಸಿದ ಬೂಟು ಹಾಕಬೇಕಂತೆ. ಮೊದಲು ಹೆಚ್ಚುಕಮ್ಮಿ ಇಡೀ ದಿನ, ಆಮೇಲೆ ಮಲಗುವಾಗ ಮಾತ್ರ, ಕೆಲವು ವರ್ಷ. ಬೂಟು ತಪ್ಪಿಸಿದ್ರೆ ಪಾದ ಮತ್ತೆ ತಿರುಗುತ್ತೆ."

ಅಜ್ಜ ಥಟ್ಟನೆ ತಲೆಯೆತ್ತಿದರು. "ಬೂಟು ಇದೆಯಲ್ಲ ಹಾಗಾದ್ರೆ!"

"ಇದೆ. ಆದ್ರೆ ಮೊದಲಲ್ಲ, ಕೊನೆಗೆ. ಅದನ್ನೂ ಆಸ್ಪತ್ರೆಯವರೇ ಕೊಡ್ತಾರೆ. ನಾನು ಡಾಕ್ಟರಲ್ಲ ಅಜ್ಜ, ಹೀಗೇ ಮಾಡಿ ಅಂತ ಹೇಳೋ ಹಾಗಿಲ್ಲ. ಯಾವ ಆಸ್ಪತ್ರೆಗೆ ಯಾವ ದಿನ ಹೋಗಬೇಕು ಅನ್ನೋದನ್ನ ಹುಡುಕಿಟ್ಟಿದ್ದೀನಿ."

ಅಜ್ಜ ನನ್ನ ಕಡೆ ತಿರುಗಿದರು. "ಕೊನೆಗೆ ಹಾಕೋದನ್ನ ಮೊದಲು ಹಾಕ್ತಿದ್ದೆ. ಅದೂ ಕಬ್ಬಿಣದ್ದು. ನನ್ನ ಕೈಯಾರೆ ಮಗೀನ ಕಾಲು ಹಾಳು ಮಾಡ್ತಿದ್ದೆ ಕಣೇ," ಎಂದು ನನ್ನ ಕೈ ಹಿಡಿದುಕೊಂಡರು. ನನಗೂ ಅಳು ತಡೆಯಲಾಗಲಿಲ್ಲ.

ಮನೆಗೆ ಬಂದು ಮಗಳಿಗೆ ಆ ಹಾಳೆಗಳನ್ನು ಕೊಟ್ಟರು. ಅವಳು ನಿಂತಲ್ಲೇ ಎರಡು ಸಲ ಓದಿದಳು. "ಯಾರ ತಪ್ಪೂ ಅಲ್ಲ ಅಂತ ಬರೆದಿದ್ದಾರೆ ಅಕ್ಕ," ಎಂದು ನನ್ನ ಮುಖ ನೋಡಿದಳು. ಇಷ್ಟು ದಿನ ಆ ಹುಡುಗಿ ತನ್ನನ್ನೇ ದೂರುತ್ತಿದ್ದಳೆಂದು ನನಗೆ ಆಗ ತಿಳಿಯಿತು. ಮರುದಿನವೇ ಬಸ್ಸು ಹತ್ತಿದರು. ಡಾಕ್ಟರು ನೋಡಿ, "ಸರಿಯಾದ ಸಮಯಕ್ಕೆ ಬಂದ್ರಿ," ಎಂದರಂತೆ.

ಸುಲಭವೇನಾಗಿರಲಿಲ್ಲ. ವಾರ ವಾರ ಬಸ್ಸು, ಪ್ಲಾಸ್ಟರು, ಆಮೇಲೆ ಸರಳಿನ ಬೂಟು, ಮಗುವಿನ ರಚ್ಚೆ. ಬೀದಿಯವರಂತೂ, "ಅಯ್ಯೋ ಪಾಪ, ಕೂಸಿಗೆ ಯಾಕೆ ಹಿಂಸೆ, ಆ ಬೂಟು ತೆಗೆದು ಮಲಗಿಸಿ," ಎಂದು ಮತ್ತೆ ಶುರು ಮಾಡಿದರು. ಅಜ್ಜ ಒಬ್ಬರನ್ನೂ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಸರಳಿನ ಬೂಟಿನ ಪಟ್ಟಿಯನ್ನು ಸಂಜೆ ಸಂಜೆ ತಾವೇ ಕಟ್ಟಿದರು. ಲಾರಿ ಅಳಿಯ ಬಂದಾಗ ಅವನಿಗೂ ಕಟ್ಟುವುದನ್ನು ಕಲಿಸಿದರು.

ಪುಟ್ಟಿ ಈಗ ನಮ್ಮಿಬ್ಬರ ಅಂಗಡಿಗೂ ಓಡಾಡಿ ನನ್ನ ಗುಂಡಿಗಳನ್ನೆಲ್ಲ ಚೆಲ್ಲುತ್ತಾಳೆ. ಅಜ್ಜ ಅವಳಿಗೆ ಮೊದಲ ಚಪ್ಪಲಿ ಹೊಲಿದುಕೊಟ್ಟಿದ್ದರು. ಕೆಂಪು ಬಣ್ಣದ್ದು, ಮೆತ್ತಗಿನದು. ಮೊನ್ನೆ ಅದು ಸವೆದು ಹೋಯಿತೆಂದು ಮಗಳು ತಂದುಕೊಟ್ಟಳು. ಅಜ್ಜ ಎಂದಿನಂತೆ ತಿರುಗಿಸಿ ಅಟ್ಟೆ ನೋಡಿದರು. ಬೆಳಕಿಗೆ ಹಿಡಿದರು. ಹೆಬ್ಬೆರಳಿನಿಂದ ಸವರಿದರು. ನಾನು ಮಷಿನ್ ನಿಲ್ಲಿಸಿ ಕಾದೆ.

"ಎರಡೂ ಕಡೆ ಒಂದೇ ಸಮ ಸವೆದಿದೆ," ಎಂದರು ಅಜ್ಜ. ಹಿಮ್ಮಡಿಯಿಂದ ಬೆರಳಿನ ತನಕ ಇನ್ನೊಮ್ಮೆ ನೋಡಿದರು. "ಇಷ್ಟು ಚೆನ್ನಾಗಿ ಸವೆದ ಅಟ್ಟೆ ನಾನು ಈ ಊರಲ್ಲೇ ನೋಡಿಲ್ಲ."

ಆ ಚಪ್ಪಲಿ ಈಗ ಲೈಬ್ರರಿಯಲ್ಲಿದೆ, ಮೇಡಂ ಮೇಜಿನ ಮೇಲೆ. ತಿಂಗಳಿಗೊಮ್ಮೆ ಅಜ್ಜನೂ ಅಲ್ಲಿರುತ್ತಾರೆ. ನಮ್ಮೂರಿನಲ್ಲೂ ಮನುಷ್ಯರನ್ನು ಎರವಲು ಕೊಡುವುದು ಶುರುವಾಗಿದೆ, ಮೊದಲು ಹೆಸರು ಕೊಟ್ಟವರು ಬೂಟಜ್ಜ. ಪಾದ ತಿರುಗಿದ ಕೂಸುಗಳ ತಾಯಂದಿರು ಅಂಜುತ್ತಾ ಬಂದು ಅವರ ಎದುರು ಕೂರುತ್ತಾರೆ.

ಇನ್ನು ನಿಮಗೆ ಒಂದು ಮಾತು, ಅಕ್ಕತಂಗಿಯರೇ, ಅಣ್ಣತಮ್ಮಂದಿರೇ. ನಿಮ್ಮ ಮನೆಯಲ್ಲೂ ಯಾವುದೋ ಒಂದು ಪ್ರಶ್ನೆ ಮೂಲೆಯಲ್ಲಿ ಕೂತಿರುತ್ತದೆ. ಕಾಯಿಲೆಯದಿರಬಹುದು, ಕೆಲಸದ್ದಿರಬಹುದು, ಜಮೀನಿನದಿರಬಹುದು. ಅದನ್ನು ಬೀದಿಯವರ ಹತ್ತಿರ ಕೇಳಬೇಡಿ, ಬೆಲೆ ಮಾತ್ರ ಹೇಳುವ ವಿಡಿಯೋದಲ್ಲೂ ಹುಡುಕಬೇಡಿ. ಹತ್ತಿರದ ಲೈಬ್ರರಿಗೆ ಹೋಗಿ. ಓದು ಬಾರದಿದ್ದರೂ ಹೋಗಿ, ಓದಿ ಹೇಳಲು ಕೇಳಿ. ಸರಪಳಿ ಹೋಯಿತು, ಬೀಗವೂ ಹೋಯಿತು, ನೀವು ಹೊಸಿಲು ದಾಟುವುದೊಂದೇ ಬಾಕಿ. ಅಲ್ಲಿ ಯಾರಾದರೂ "ಯಾರಿಗೆ ಬೇಕಿತ್ತು?" ಎಂದು ಮೆಲ್ಲಗೆ ಕೇಳಿದರೆ ನಾಚಿಕೆ ಬಿಟ್ಟು ನಿಜ ಹೇಳಿಬಿಡಿ. ಕಾಲು ತೋರಿಸಿದರೆ ತಾನೇ ಸರಿಯಾದ ಬೂಟು ಸಿಗುವುದು?