ಅಧ್ಯಕ್ಷನ ಉದುರುಹಣ್ಣು

ಅವಳ ಅಕ್ಕನ ಗಂಡನನ್ನು ಎಲ್ಲರೂ ಅಧ್ಯಕ್ಷ ಎಂದೇ ಕರೆಯುತ್ತಿದ್ದರು. ಮಾವು ಬೆಳೆಗಾರರ ಸಂಘಕ್ಕೆ ಬೇರೆ ಯಾರೂ ಸಿಗದಿದ್ದಾಗ ಅವನನ್ನು ಕೂರಿಸಿದ್ದರು. ಸಂಘ ಮುಚ್ಚಿತು, ಹೆಸರು ಮಾತ್ರ ಅಂಟಿಕೊಂಡಿತು. ಇಸ್ತ್ರಿ ಅಂಗಿ ತೊಟ್ಟು ತನ್ನ ಮಾವಿನ ತೋಟದ ಬೇಲಿಯ ಹೊರಗೆ ನಿಂತು, ಹೋಗಿಬರುವವರಿಗೆಲ್ಲ ಮಾವಿನ ಬಗ್ಗೆ ಉಪದೇಶ ಕೊಡುವುದೇ ಅವನ ಬೇಸಾಯ. ಜಿಗಿಹುಳು ಹೂವಿನ ರಸ ಹೀರಿ ಗೊಂಚಲು ಕಪ್ಪಾಗಿ ಉದುರಿದರೆ, "ಈ ಸಲ ಗಾಳಿ ಸರಿಯಿಲ್ಲ" ಎನ್ನುತ್ತಿದ್ದ. ಹುಳು ಕೊರೆದ ತೂತಿನಿಂದ ಮರದ ಪುಡಿ ಸುರಿಯುತ್ತಿದ್ದರೆ, "ಹಳೇ ಮರ ಅಂದ್ಮೇಲೆ ಪುಡಿ ಉದುರದೆ ಇರುತ್ತಾ?" ಎನ್ನುತ್ತಿದ್ದ. ನೆಲಕ್ಕೆ ಬಿದ್ದ ಹಣ್ಣನ್ನಂತೂ ತಾನೂ ಎತ್ತಿ ಹೂಳುತ್ತಿರಲಿಲ್ಲ, ಆಳುಗಳಿಂದಲೂ ಹೂಳಿಸುತ್ತಿರಲಿಲ್ಲ.

ನಾದಿನಿಯಾದ ಅವಳಿಗೆ ಮೈ ಉರಿಯುತ್ತಿದ್ದುದು ಇದಕ್ಕೇ. ಅವಳು ಮಾವಿನ ರಸ ತೆಗೆಯುವ ಕಾರ್ಖಾನೆಯ ಗೇಟಿನಲ್ಲಿ ಹಣ್ಣು ಕೊಯ್ದು ಪರೀಕ್ಷಿಸುವವಳು. ಹಣ್ಣುನೊಣ ಸಿಪ್ಪೆ ಚುಚ್ಚಿ ಮೊಟ್ಟೆಯಿಟ್ಟರೆ ಒಳಗಿನ ಹುಳು ತಿಂದು ತಿಂದು ಹಣ್ಣನ್ನು ಕೊಳೆಸುತ್ತದೆ. ಹಣ್ಣು ಬಿದ್ದ ಮೇಲೆ ಮಣ್ಣಿಗಿಳಿದು, ನೊಣವಾಗಿ ಮತ್ತೆ ಮೇಲೇಳುತ್ತದೆ. ಅಧ್ಯಕ್ಷನ ಮರದಡಿ ಹೀಗೆ ಹುಟ್ಟಿದ್ದೆಲ್ಲ ಹಾರುತ್ತಿದ್ದುದು ಪಕ್ಕದಲ್ಲೇ ಇದ್ದ ಅಮ್ಮನ ತೋಟಕ್ಕೆ. ಅಮ್ಮ ದಿನಾ ಬುಟ್ಟಿ ಹಿಡಿದು ತನ್ನ ಉದುರುಹಣ್ಣು ಆರಿಸಿ ಹೂಳುತ್ತಿದ್ದಳು. ಆದರೂ ಅವಳ ಬೆಳೆ ಅರ್ಧಕ್ಕರ್ಧ ಹುಳ. "ಅತ್ತೆಯವರ ಕೈಗುಣ" ಎಂದು ಅಳಿಯ ಹಲ್ಲು ಕಿರಿಯುತ್ತಿದ್ದ.

ಕೊಯ್ಲಿನ ಕಾಲದ ಒಂದು ಬೆಳಿಗ್ಗೆ ಅವನ ಟ್ರ್ಯಾಕ್ಟರ್ ಕಾರ್ಖಾನೆಗೆ ಬಂತು. "ಕೂತಿರೋದು ನಮ್ಮ ನಾದಿನಿ, ದಾರಿ ಬಿಡ್ರಪ್ಪಾ" ಎನ್ನುತ್ತ ಸರದಿ ದಾಟಿ ಮೇಜಿನ ಮುಂದೆ ನಿಂತ. ಮೇಲಿನ ಕ್ರೇಟುಗಳಲ್ಲಿ ಹಣ್ಣು ಬಂಗಾರದ ಹಾಗಿತ್ತು. ಅವಳು ಅದನ್ನು ಮುಟ್ಟದೆ ತಳದ ಕ್ರೇಟು ಎಳೆಸಿದಳು. ಹಣ್ಣಿನ ಒಂದು ಮಗ್ಗುಲಿಗೆ ಮಣ್ಣು ಮೆತ್ತಿತ್ತು. ಕೊಯ್ದಳು. ಬಿಳಿ ಹುಳುಗಳು ಮೈ ಬಾಗಿಸಿ ಚಂಗನೆ ಜಿಗಿದವು. ಒಂದು ಹೋಗಿ ಅವನ ಇಸ್ತ್ರಿ ಅಂಗಿಯ ತೋಳಿನ ಮೇಲೆ ಕೂತಿತು.

"ಇವು ನೆಲದಿಂದ ಆರಿಸಿದ್ದು, ಭಾವ."

"ಮರದಿಂದಲೇ ಕಿತ್ತಿದ್ದು. ನಿನ್ನ ಚಾಕು ಸರಿಯಿಲ್ಲ."

"ಹುಳ ಚಾಕುವಿನಿಂದ ಬಂತಾ?"

ಅವನು ದನಿ ತಗ್ಗಿಸಿದ. "ಕುದಿಸಿದ್ರೆ ಎಲ್ಲಾ ಒಂದೇ ಕಣೇ. ಕುಡಿಯೋರಿಗೇನು ಗೊತ್ತಾಗುತ್ತೆ?"

ಸರದಿಯಲ್ಲಿದ್ದವರಿಗೆ ಅದು ಕೇಳಿಸಿತು. ಯಾರೋ "ಥೂ" ಎಂದರು. ಅಧ್ಯಕ್ಷ ಕೊನೆಯ ಅಸ್ತ್ರ ಬಿಟ್ಟ: ಹೆಂಡತಿಗೆ ಫೋನ್ ಮಾಡಿ, ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿ, "ನಿನ್ನ ತಂಗಿಗೆ ಸ್ವಲ್ಪ ಬುದ್ಧಿ ಹೇಳು" ಎಂದ.

"ಹುಳ ಇದೆಯೇನೇ?" ಎಂದಳು ಅಕ್ಕ.

"ಇದೆ ಅಕ್ಕಾ. ತಳದ್ದೆಲ್ಲ ಅದೇ."

"ಹಾಗಾದ್ರೆ ವಾಪಸ್ ಕಳಿಸು. ಎತ್ತಿಸಿ, ಹೂಳಿಸಿ ಅಂತ ಬಾಯಿ ಬಡ್ಕೊಂಡೆ. ಇವ್ರು ನನ್ನ ಮಾತಿಗೆ ಸೊಪ್ಪು ಹಾಕಿದ್ರೆ ತಾನೆ? ಈಗ ಗುಂಡಿ ತೋಡ್ಲಿ."

"ಸಿಗ್ನಲ್ ಇಲ್ಲ" ಎಂದು ಅಧ್ಯಕ್ಷ ಫೋನನ್ನು ಜೇಬಿಗೆ ತುರುಕಿದ.

ಗುಂಡಿ ತೋಡುವ ಜಾತಿಯವನಲ್ಲ ಅವನು. ಮಧ್ಯಾಹ್ನ ಅಮ್ಮನ ಫೋನ್ ಬಂತು: "ಅಳಿಯಂದಿರು ನಮ್ಮ ಬೇಲಿ ಪಕ್ಕ ಹುಳದ ಹಣ್ಣು ಗುಡ್ಡೆ ಸುರಿದು ಹೋಗಿದ್ದಾರಮ್ಮ."

ಕೆಲಸ ಮುಗಿಸಿ ಅವಳು ಅಲ್ಲಿಗೆ ಹೋಗುವಷ್ಟರಲ್ಲಿ ಅಕ್ಕ ಸೆರಗು ಸಿಕ್ಕಿಸಿಕೊಂಡು ಆಗಲೇ ಬುಟ್ಟಿಗೆ ತುಂಬುತ್ತಿದ್ದಳು. ಮುಖ ಕೆಂಪಗಿತ್ತು. ಅಮ್ಮ, ಇಬ್ಬರು ಹೆಣ್ಣುಮಕ್ಕಳು ಸೇರಿ, ಅಕ್ಕ ವಾಪಸ್ ಕರೆಸಿದ್ದ ಅದೇ ಟ್ರ್ಯಾಕ್ಟರಿಗೆ ಎಲ್ಲವನ್ನೂ ಮತ್ತೆ ಹೇರಿದರು. ಅಧ್ಯಕ್ಷನ ಮಾತಿಗೆ ತಾನೇ ಸುರಿದಿದ್ದಕ್ಕೆ ನಾಚಿದ ಅದರ ಡ್ರೈವರ್ ಕೇಳದೆಯೇ ಕೈಜೋಡಿಸಿದ.

ಅಧ್ಯಕ್ಷ ಮನೆಯ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದ.

"ಇಲ್ಲೇ ಸುರಿಯಪ್ಪ" ಎಂದಳು ಅಕ್ಕ.

"ಏ, ಜಗಲಿ ಮೇಲಾ? ತಲೆ ಕೆಟ್ಟಿದೆಯಾ?"

"ಸಿಮೆಂಟ್ ನೆಲ. ಹುಳ ಮಣ್ಣಿಗಿಳಿಯೋಕಾಗಲ್ಲ."

ಹಣ್ಣು ದಬದಬನೆ ಬಿದ್ದು ಒಡೆಯಿತು. ಅವನು ಕಾಲೆತ್ತಿ ಕುರ್ಚಿಯ ಮೇಲೆ ಇಟ್ಟುಕೊಂಡ. ಹುಳುಗಳು ಮಣ್ಣು ಹುಡುಕುತ್ತ ಜಿಗಿದು ಜಿಗಿದು ಹೊಸ್ತಿಲ ಕಡೆ ಹೊರಟವು.

"ನಾಳೆ ಆಳು ಬರ್ತಾರೆ" ಎಂದ.

"ನಾಳೆ ಹೊತ್ತಿಗೆ ಅವು ನಿಮ್ಮ ಹಾಸಿಗೇಲಿರ್ತವೆ" ಎಂದು ಅಕ್ಕ ಗುದ್ದಲಿಯನ್ನು ಅವನ ಮಡಿಲಲ್ಲಿಟ್ಟಳು.

ಅವನು ಅಗೆದ. ಗುದ್ದಲಿ ಹಿಡಿಯಲು ಬಾರದೆ, ಮಣ್ಣನ್ನು ಬೈದು, ಗುದ್ದಲಿಯ ಕಾವನ್ನು ಬೈದು, ಮೊಣಕಾಲುದ್ದ ಅಗೆಯುವಷ್ಟರಲ್ಲಿ ಅಂಗಿ ಮೈಗಂಟಿತು. ನಾದಿನಿ ಕಟ್ಟೆಯ ಮೇಲೆ ಕೂತು ನೋಡಿದಳು. ಇವನನ್ನು ಕಂಡು ಎಲ್ಲೋ ಒಂದಿಷ್ಟು ಕನಿಕರ ಹುಟ್ಟಬಹುದೆಂದು ಕಾದಳು, ಹುಟ್ಟಲಿಲ್ಲ. ಅವನು ಬೊಬ್ಬೆಯೆದ್ದ ಅಂಗೈ ಅವಳತ್ತ ಚಾಚಿದ.

"ನೋಡು, ಹೇಗಾಗಿದೆ!"

"ನೋಡ್ದೆ. ಇನ್ನೂ ಆಳ ಬೇಕು, ಭಾವ. ಇಷ್ಟಕ್ಕೇ ಮುಚ್ಚಿದ್ರೆ ಎದ್ದು ಬರ್ತವೆ."

ಅಂದಿನಿಂದ ಅಧ್ಯಕ್ಷನ ತೋಟ ಅಕ್ಕನ ಕೈಗೆ ಬಂತು. ಉದುರಿದ್ದು ಅಂದಂದೇ ಗುಂಡಿ ಸೇರತೊಡಗಿತು. ಮುಂದಿನ ಬೆಳೆಯಲ್ಲಿ ಅಮ್ಮನ ಹಣ್ಣಿಗೆ ಹುಳ ಪೂರ್ತಿ ತಪ್ಪಲಿಲ್ಲ, ಆದರೆ ತುಂಬ ಕಡಿಮೆಯಾಯಿತು. ಅಧ್ಯಕ್ಷ ನಾದಿನಿಯೊಡನೆ ಮಾತು ಬಿಟ್ಟ. ಅವಳಿಗೆ ಅದೂ ಒಂದು ಲಾಭವೇ ಎನಿಸಿತು.