ಕೊಬ್ಬರಿ ಎಣ್ಣೆ ಕುಡಿದ ಪೆನ್ನು

ನನ್ನ ತಮ್ಮ ಬೆಟ್ಟಸ್ವಾಮಿ ಅಪ್ಪನ ಇಂಕ್ ಪೆನ್ನಿಗೆ ಕೊಬ್ಬರಿ ಎಣ್ಣೆ ಬಿಟ್ಟಿದ್ದ. ನಮ್ಮ ಕಡೆಯವರ ಬುದ್ಧಿಯೇ ಇಷ್ಟು. ಬಾಗಿಲು ಕಿರುಗುಟ್ಟಿದರೆ ಕೊಬ್ಬರಿ ಎಣ್ಣೆ, ಬೀಗ ತಿರುಗದಿದ್ದರೆ ಕೊಬ್ಬರಿ ಎಣ್ಣೆ, ಮಗುವಿನ ಕಿವಿನೋವಿಗೂ ಅದೇ. ಪೆನ್ನು ಕಟ್ಟಿಕೊಂಡರೂ ಅದೇ ಮದ್ದು ಎಂದುಕೊಳ್ಳುವ ಮಹಾನುಭಾವ ನಮ್ಮ ಮನೆಯಲ್ಲೇ ಹುಟ್ಟಬೇಕಿತ್ತು.

ಎಪ್ಪತ್ತೊಂಬತ್ತರ ಮಾಘಮಾಸ. ಹಾಲ್ಕುರಿಕೆಯಲ್ಲಿ ಚಿಕ್ಕಪ್ಪನ ಮಗಳ ನಿಶ್ಚಿತಾರ್ಥವಿತ್ತು. ಗಂಡನ ಊರು ಶೆಟ್ಟಿಕೆರೆಯಿಂದ ಬಸ್ಸು ಹಿಡಿದು ಬಂದವಳು ಊಟ ಮುಗಿಸಿಕೊಂಡು ಅಲ್ಲೇ ಎರಡು ಬೀದಿ ಆಚೆಗಿದ್ದ ತವರುಮನೆಗೆ ಹೋದೆ. ಅಪ್ಪ ಜಗಲಿಯಲ್ಲಿ ಕುಳಿತಿದ್ದರು. ನನ್ನನ್ನು ಕಂಡವರೇ ಬಲಗೈ ಎತ್ತಿ ಗಾಳಿಯಲ್ಲಿ ಬರೆದು ತೋರಿಸಿ, ಇಲ್ಲ ಎನ್ನುವಂತೆ ತಲೆಯಾಡಿಸಿದರು.

ನಮ್ಮಪ್ಪ ರೇವಣಸಿದ್ದಯ್ಯ ಮೇಷ್ಟ್ರು ಎಂದರೆ ಮೂವತ್ತಾರು ವರ್ಷ ಪಾಠ ಹೇಳಿದ ಗಂಟಲು. ಹಿಂದಿನ ವರ್ಷ ಅದಕ್ಕೆ ಆಪರೇಷನ್ ಆಗಿ ಧ್ವನಿ ಪೂರ್ತಿ ಹೋಗಿತ್ತು. ಅಂದಿನಿಂದ ಅವರ ಮಾತೆಲ್ಲ ಕಾಗದದ ಮೇಲೆ. ಬಾಲ್ ಪೆನ್ನನ್ನೋ ಪೆನ್ಸಿಲನ್ನೋ ಒತ್ತಿ ಬರೆಯುವಷ್ಟು ಕಸುವು ಬೆರಳಲ್ಲಿರಲಿಲ್ಲ. ಕೆಲಸ ಸಿಕ್ಕಿದ ವರ್ಷ ತಿಪಟೂರಿನಲ್ಲಿ ಕೊಂಡಿದ್ದ ಈ ಕಪ್ಪು ಪೆನ್ನು ಮಾತ್ರ ಕಾಗದಕ್ಕೆ ಸೋಕಿದರೆ ಸಾಕು, ಬರೆಯುತ್ತಿತ್ತು. ಅದು ನಿಂತರೆ ಅಪ್ಪ ಮೂಗರೇ.

ಪೆನ್ನು ನಿಂತು ಹನ್ನೊಂದು ದಿನವಾಯಿತೆಂದು ತಮ್ಮನ ಹೆಂಡತಿ ಹೇಳಿದಳು. ಹನ್ನೊಂದು ದಿನ! ವಾರಕ್ಕೆರಡು ಸಲ ಕೊಬ್ಬರಿ ಹೇರಿಕೊಂಡು ತಿಪಟೂರಿಗೆ ಹೋಗುವವನಿಗೆ ಜೇಬಿನಲ್ಲಿ ಒಂದು ಪೆನ್ನು ಇಟ್ಟುಕೊಂಡು ಹೋಗಿ ರಿಪೇರಿ ಮಾಡಿಸಲಾಗಲಿಲ್ಲವೇ ಎಂದೆ. ಬೆಟ್ಟಸ್ವಾಮಿ ತೋಟದಿಂದ ಬಂದು ಕಾಲು ತೊಳೆಯುತ್ತಿದ್ದ.

"ಮರ್ತೋಯ್ತು ಕಣಕ್ಕ. ಬುಡು, ಈಗ ಮನೆ ಎಷ್ಟು ತಣ್ಣಗೈತೆ ನೋಡು. ದಿನಕ್ಕೆ ಹತ್ತು ಚೀಟಿ ಬರೆಯೋರು, ಗಿಡಕ್ಕೆ ನೀರ್ ಬುಟ್ಟಿಲ್ಲ, ಕಾಯಿ ಕೆಡವಿಲ್ಲ ಅಂತ."

ಇದನ್ನು ಅಪ್ಪನ ಎದುರಿಗೇ ಹೇಳಿದ. ಅಪ್ಪನಿಗೆ ಧ್ವನಿ ಹೋಗಿತ್ತೇ ಹೊರತು ಕಿವಿ ನೆಟ್ಟಗಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು.

"ಹೆತ್ತಪ್ಪನ ಬಾಯಿ ಕಟ್ಟಿ ತಣ್ಣಗಿದ್ದೀಯಲ್ಲೋ, ನಾಚಿಕೆ ಆಗಾಕಿಲ್ವಾ ನಿಂಗೆ?" ಎಂದೆ.

ಪೆನ್ನಿನ ಎಣ್ಣೆ ಬಿಡಿಸಲು ಅಂಟುವಾಳದ ಕಾಯಿ ಒಡೆದು ನೆನೆಹಾಕಿದೆ. ತಮ್ಮನ ಹೆಂಡತಿ ಕುದಿಯುವ ನೀರು ತಂದಿಟ್ಟಳು. ಅದರಲ್ಲಿ ಅದ್ದಿದರೆ ಪೆನ್ನು ಸೊಟ್ಟಗಾಗುತ್ತದೆ, ಉಗುರುಬೆಚ್ಚಗಿರಬೇಕು ಎಂದು ಅವಳಿಗೂ ಬೈದೆ. ಪೆನ್ನು ಬಿಚ್ಚುವುದನ್ನು ಅಪ್ಪ ಚಿಕ್ಕಂದಿನಲ್ಲಿ ನನಗೇ ಕಲಿಸಿದ್ದರು, ಇವನಿಗಲ್ಲ. ನಿಬ್ಬನ್ನು ಒದ್ದೆ ಬಟ್ಟೆಯಲ್ಲಿ ಹಿಡಿದು, ತಿರುಚದೆ, ನೇರವಾಗಿ ಎಳೆಯಬೇಕು. ಸಿಟ್ಟಿಗೆ ನಾನೇ ತಿರುಚಲು ಹೋದೆ. ಅಪ್ಪ ನನ್ನ ಮುಂಗೈ ಮೇಲೆ ಕೈಯಿಟ್ಟರು. ಉಸಿರು ಬಿಟ್ಟು, ಮತ್ತೆ ಹಿಡಿದು ಎಳೆದೆ. ನಿಬ್ಬು ಬಂತು, ಹಿಂದೆಯೇ ಅದರ ಅಡಿಯಲ್ಲಿ ಇಂಕು ಹರಿಸುವ ಕಪ್ಪು ಕಡ್ಡಿಯೂ ಬಂತು. ಕಡ್ಡಿಯ ಗೀರುಗಳಲ್ಲೆಲ್ಲ ಒಣಗಿದ ಇಂಕು ಎಣ್ಣೆಗೆ ಸೇರಿ ಕಾಡಿಗೆಯ ಹಾಗೆ ಮೆತ್ತಿತ್ತು.

ಮೂರು ಸಲ ಅಂಟುವಾಳದ ನೊರೆಯಲ್ಲಿ ತೊಳೆದೆ. ಬ್ಲೇಡಿನ ಚೂರಿನಿಂದ ನಿಬ್ಬಿನ ಸೀಳನ್ನು ಮೆಲ್ಲಗೆ ಬಿಡಿಸಿ, ಹಳೆಯ ಪಂಚೆಯ ತುಂಡಿನಲ್ಲಿ ಒರೆಸಿ, ಕಡ್ಡಿಯ ಜೊತೆ ಕೂಡಿಸಿ ಒತ್ತಿ ಕೂರಿಸಿದೆ. ಅಷ್ಟು ಹೊತ್ತೂ ನನ್ನ ಬಾಯಿ ನಿಲ್ಲಲಿಲ್ಲ. ಅಪ್ಪನ ಮಾತು ಬೇಡವೆಂದರೆ ಅಪ್ಪನ ತೋಟ ಯಾಕೆ ಬೇಕು ಎಂದೆ. ನಾನು ಗಂಡಾಗಿ ಹುಟ್ಟಿದ್ದರೆ ಅಪ್ಪನಿಗೆ ಈ ಗತಿ ಬರುತ್ತಿರಲಿಲ್ಲ ಎಂದೆ. ಬೆಟ್ಟಸ್ವಾಮಿ ಕಂಬಕ್ಕೆ ಒರಗಿ ನಿಂತು ಕೇಳಿಸಿಕೊಂಡ.

ಇಂಕು ತುಂಬಿ ಅಪ್ಪನ ಕೈಗೆ ಕೊಟ್ಟೆ. ಮೊದಲೆರಡು ಗೀರು ಬರಿದಾಗಿ ಹೋದವು. ಮೂರನೆಯದು ನೀಲಿಯಾಗಿ ಬಂತು. ಅಪ್ಪ ಬಗ್ಗಿ ನಿಧಾನವಾಗಿ ಬರೆಯತೊಡಗಿದರು.

"ಬಾರ್ಲಾ ಇಲ್ಲಿ," ಎಂದು ತಮ್ಮನನ್ನು ಕರೆದೆ. "ನಿನ್ನ ಬಗ್ಗೆ ಏನು ಬರೆದವ್ರೆ, ನೀನೇ ಓದು. ಗಟ್ಟಿಯಾಗಿ ಓದು."

ಅವನು ಬಂದು ಕಾಗದ ನೋಡಿದ. ಒಂದು ಗಳಿಗೆ ನನ್ನ ಮುಖ ನೋಡಿದ. ಆಮೇಲೆ ಓದಿದ.

"ಮಗಳೇ ಶಿವರುದ್ರಮ್ಮಾ, ದೀಪಾವಳಿಯಿಂದ ನಿನಗೆ ನಾಲ್ಕು ಕಾಗದ ಹಾಕಿದೆ. ಒಂದಾದರೂ ತಲುಪಿತೇ?"

ನಾಲ್ಕೂ ತಲುಪಿದ್ದವು. ಮೊದಲನೆಯದನ್ನು ಓದಿದ್ದೆ. ಅನ್ನ ಗಂಟಲಲ್ಲಿ ಇಳಿಯುವುದಿಲ್ಲ, ಸೊಸೆ ಗಂಜಿ ಕಾಯಿಸುವುದಿಲ್ಲ, ಒಂದು ಸಲ ಬಂದು ಹೋಗು ಎಂದಿತ್ತು. ಉಳಿದವುಗಳಲ್ಲೂ ಅದೇ ರಾಮಾಯಣ ಇರುತ್ತದೆಂದು ಒಡೆಯದೆ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇಟ್ಟಿದ್ದೆ.

ಬೆಟ್ಟಸ್ವಾಮಿ ಕಾಗದವನ್ನು ಅಪ್ಪನ ಮುಂದಿಟ್ಟು ಮತ್ತೆ ಕಂಬಕ್ಕೆ ಒರಗಿದ. ತಿರುಗಿ ಒಂದು ಮಾತಾಡಿದ್ದರೆ ಅವನ ಮೇಲೆ ಬೀಳಬಹುದಿತ್ತು. ಅಪ್ಪ ಪೆನ್ನು ಹಿಡಿದುಕೊಂಡೇ ನನ್ನ ಮುಖ ನೋಡುತ್ತಿದ್ದರು.

"ಒಂದೂ ಬರ್ನಿಲ್ಲ ಕಣಪ್ಪ," ಎಂದೆ. ಹೇಳಿದವಳೇ ಶೆಟ್ಟಿಕೆರೆಯ ಪೋಸ್ಟ್‌ಮ್ಯಾನನ್ನು ಬೈಯತೊಡಗಿದೆ. ಸೋಮಾರಿ ಎಂದೆ, ಕಳ್ಳ ಎಂದೆ, ಅವನ ಕೆಲಸ ತೆಗೆಸುತ್ತೇನೆ ಎಂದೆ. ಅಪ್ಪ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಪೆನ್ನಿಗೆ ಮುಚ್ಚಳ ಹಾಕಿದರು.